ಹದಿನಾಲ್ಕು ಆಳಿನ ದೋಣಿ

ಒಂಬತ್ತು ಎಂದುಬಿಡುವುದು. ಅಷ್ಟೇ. ಹೊಳೆಯ ಏರಿಯ ಮೇಲೆ ಕೆಸರು ತುಳಿಯುತ್ತ ನಡೆಯುತ್ತಿದ್ದ ವೈಕುಂಠ ಮಿಸ್ತ್ರಿ ಬೆಳಗಿನಿಂದ ಆ ಒಂದು ಮಾತನ್ನೇ ಬಾಯೊಳಗೆ ಹೊರಳಿಸುತ್ತಿದ್ದ. ಮೆಲ್ಲಗೆ ಹೇಳಿ ನೋಡಿದ, ಗಟ್ಟಿಯಾಗಿ ಹೇಳಿ ನೋಡಿದ, ಬಿದಿರ ಗಳದ ಮೇಲೆ ಕೂತ ಮಿಂಚುಳ್ಳಿಗೂ ಒಮ್ಮೆ ಹೇಳಿದ. ಬೇರೆಯವರ ಹಲ್ಲನ್ನು ತನ್ನ ಬಾಯಲ್ಲಿಟ್ಟುಕೊಂಡ ಹಾಗೆ ಅದು ಎಲ್ಲೂ ಕೂರಲಿಲ್ಲ. ನಲವತ್ತು ವರ್ಷ ದೋಣಿ ಕಟ್ಟಿದವನು. ಹೆಂಡತಿಯ ಹತ್ತಿರ, ಜಮೀನ್ದಾರರ ಕಾರಕೂನನ ಹತ್ತಿರ, ಒಮ್ಮೊಮ್ಮೆ ದೇವರ ಹತ್ತಿರವೂ ಸಣ್ಣಪುಟ್ಟ ಸುಳ್ಳು ಹೇಳಿದ್ದುಂಟು. ದೋಣಿಯ ವಿಷಯದಲ್ಲಿ ಇಲ್ಲ. ಹೊಳೆಯ ನಡುವೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ನಿಜವಾಗಿ ಕೂತಿರುವುದು ಬಡಗಿಯ ಮಾತಿನ ಮೇಲೆ ಎಂದು ಅವನ ಅಪ್ಪ ಕಲಿಸಿದ್ದ. ಅದಕ್ಕೇ ಇವತ್ತು ಅಳತೆಗೋಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಭಾದ್ರಪದದ ಕೊನೆಯ ದಿನ ವಿಶ್ವಕರ್ಮನ ಮುಂದೆ ಸಿಂದೂರ ಹಚ್ಚಿ ಇಡುವ ಕೋಲು ಅದು, ಹೆಗಲ ಮೇಲೆ ಅದನ್ನು ಹೊತ್ತುಕೊಂಡು ಈ ಮಾತು ಆಡುವುದು ಹೇಗೆ? “ಕೋಲು ಮರೆತ್ರಲ್ಲ” ಎಂದು ಹೆಂಡತಿ ಕ್ಷೀರೋದಾ ಬಾಗಿಲ ತನಕ ಬಂದಿದ್ದಳು. “ಒಡೆಯೋ ಕೆಲಸಕ್ಕೆ ಅಳತೆ ಯಾಕೆ?” ಎಂದು ಅವನು ತಿರುಗಿ ನೋಡದೆ ಹೇಳಿದ್ದ. ಆ ಮಾತು ಸುಳ್ಳೇನಾಗಿರಲಿಲ್ಲ. ಕಟ್ಟೆಯ ಹತ್ತಿರ ಸರ್ಕಾರ ಹೋದ ವರ್ಷ ಹಿಡಿದು ತಂದು ಕಟ್ಟಿಹಾಕಿದ ದೋಣಿಗಳನ್ನು ಇವತ್ತಿನಿಂದ ಒಡೆಯುವುದಿತ್ತು. ಬಾಚಿ, ಉಳಿ, ಸುತ್ತಿಗೆ ತಂದು ದುಡಿದವರಿಗೆ ದಿನಕ್ಕೆ ಅರ್ಧ ಸೇರು ಅಕ್ಕಿ ಎಂದು ಗುಮಾಸ್ತ ತಾರಿಣಿ ಬಾಬು ಹೇಳಿ ಕಳಿಸಿದ್ದ. ಅರ್ಧ ಸೇರು ಎಂದಾಗ ಕ್ಷೀರೋದಾಳ ಗಂಟಲು ಏರಿ ಇಳಿದದ್ದನ್ನು ವೈಕುಂಠ ನೋಡಿದ್ದ, ನೋಡಬಾರದಿತ್ತು ಎನ್ನಿಸಿತ್ತು.

ಎಡಗಡೆ ಸಂಧ್ಯಾ ನದಿ ಶ್ರಾವಣದ ನೀರು ತುಂಬಿಕೊಂಡು ದಡವನ್ನು ನೆಕ್ಕುತ್ತ ಹೋಗುತ್ತಿತ್ತು. ಆಚೆ, ಕಣ್ಣಿಗೆ ಕೈ ಅಡ್ಡ ಹಿಡಿದರೆ ಕಾಣುವಷ್ಟು ದೂರದಲ್ಲಿ, ನಡುಗಡ್ಡೆ. ಅದರ ಮೇಲೆ ಹಳದಿ. ಯಾರೋ ಅರಿಸಿನದ ಸೀರೆ ಒಣಹಾಕಿ ಮರೆತುಹೋದಂತೆ ಪೈರು ಮಾಗಿ ನಿಂತಿತ್ತು. ಅಂಬಿಗ ಮೆಹೆರಾಲಿಯ ಪೈರು ಅದು, ಮತ್ತೆ ಇನ್ನೂ ನಾಲ್ಕು ಮನೆಯವರದು. ಚೈತ್ರದಲ್ಲಿ ಹೊಳೆ ಬಡವಾಗಿದ್ದಾಗ ಬಾಳೆದಿಂಡಿನ ತೆಪ್ಪದ ಮೇಲೆ ದಾಟಿ ಬಿತ್ತಿ ಬಂದಿದ್ದರು, ಕೊಯ್ಲಿನ ಹೊತ್ತಿಗೆ ಹೇಗೋ ಆದೀತು ಎಂದು. ಹೇಗೂ ಆಗಲಿಲ್ಲ. ಈ ನೀರಿಗೆ ತೆಪ್ಪ ನಿಲ್ಲುವುದಿಲ್ಲ. ಊರಲ್ಲಿ ಉಳಿದಿದ್ದ ಒಂದೆರಡು ಪುಟ್ಟ ದೋಣಿಗಳು ವೈಶಾಖದಲ್ಲೇ ಅಕ್ಕಿಗೆ ಕೈಬದಲಾಗಿ ಹೋಗಿದ್ದವು. ಇನ್ನು ಹದಿನೈದು ದಿನಕ್ಕೆ ನೀರು ನಡುಗಡ್ಡೆಯ ಮೇಲೇರುತ್ತದೆ. ಊರವರು ದಿನವೂ ಏರಿಯ ಮೇಲೆ ಬಂದು ಕೂತು ಆ ಹಳದಿಯನ್ನು ನೋಡುತ್ತಿದ್ದರು, ಪರರ ಮದುವೆ ಊಟವನ್ನು ಬೇಲಿಯ ಆಚೆಯಿಂದ ನೋಡುವವರ ಹಾಗೆ. ನೋಡಿ ನೋಡಿ ಸಾಕಾಗಿಯೇ ಮೆಹೆರಾಲಿ ಹನ್ನೊಂದು ದಿನದ ಹಿಂದೆ ‘ಬದರ್, ಬದರ್’ ಎಂದು ಅಂಬಿಗರನ್ನು ಕಾಯುವ ಪೀರನನ್ನು ಕೂಗಿ ಐದು ದಿಂಡಿನ ತೆಪ್ಪವನ್ನು ನೀರಿಗೆ ತಳ್ಳಿದ್ದ. ತೆಪ್ಪದ ಎರಡು ದಿಂಡು ಕೆಳಗಿನ ಊರಿನ ಮಾವಿನ ಬೇರಿಗೆ ಸಿಕ್ಕಿಕೊಂಡಿದ್ದು ಸಿಕ್ಕಿತು. ಅವನ ಹೆಂಡತಿ ಸೊನಾಭಾನ್ ಇನ್ನೂ ಗಾಜಿನ ಬಳೆ ತೆಗೆದಿರಲಿಲ್ಲ. ನಿನ್ನೆ ಸಂಜೆ ಬಂದು ಅಂಗಳದಲ್ಲಿ ನಿಂತು, “ಕಾಕಾ, ನಾಳೆ ಅಲ್ಲಿಗೆ ಹೋಗ್ತೀರಂತೆ. ನಮ್ಮ ದೋಣಿ ಹೆಂಗಿದೆ ನೋಡ್ಕೊಂಡು ಬನ್ನಿ. ನೀರು ಕುಡಿದಿದ್ರೆ ಒಂಚೂರು ಎತ್ತಿ ಚೆಲ್ಲಿ ಬನ್ನಿ” ಎಂದಿದ್ದಳು. ಒಡೆಯುವುದಕ್ಕೆ ಹೋಗುತ್ತಿದ್ದೇನೆ ಎಂದು ಅವನು ಹೇಳಲಿಲ್ಲ. ಆ ದೋಣಿ ಅಲ್ಲಿಗೆ ಹೋದದ್ದು ಯಾರ ಬಾಯಿಂದ ಎಂಬುದನ್ನೂ ಹೇಳಲಿಲ್ಲ. ರಾತ್ರಿಯೆಲ್ಲ ಆ ಎರಡು ಸುಮ್ಮನಿರುವಿಕೆಗಳ ನಡುವೆ ಮಲಗಿದ್ದು, ಬೆಳಗಾಗುವಾಗ ಈ ಒಂಬತ್ತು ಹೊಳೆದಿತ್ತು.

ಹೋದ ವರ್ಷ ಜ್ಯೇಷ್ಠದಲ್ಲಿ ಡಂಗುರ ಹೊಡೆಸಿದ್ದರು. ಜಪಾನಿನವರು ಬರ್ಮಾ ನುಂಗಿಯಾಯಿತು, ಇನ್ನು ಇಲ್ಲಿಗೇ ಬರುತ್ತಾರೆ, ಬಂದವರಿಗೆ ದೋಣಿ ಸಿಗಬಾರದು. ಹತ್ತು ಜನ ಅಥವಾ ಹೆಚ್ಚು ಹಿಡಿಯುವ ದೋಣಿಯನ್ನೆಲ್ಲ ಕಟ್ಟೆಗೆ ತಂದು ಒಪ್ಪಿಸತಕ್ಕದ್ದು. ಊರಲ್ಲಿ ಮೊದಲ ದಿನ ನಗೆಯೋ ನಗೆ. “ಪಾಪ, ಜಪಾನಿನವನು ಅಲ್ಲಿಂದ ಇಲ್ಲಿ ತನಕ ಸಮುದ್ರ ದಾಟಿ ಬಂದು, ಸಂಧ್ಯಾ ಹೊಳೆ ದಾಟೋಕೆ ಮಾತ್ರ ಮೆಹೆರಾಲಿನ ಕಾಯ್ತಾ ಕೂತಿದಾನಂತೆ” ಎಂದು ಮಿಠಾಯಿ ಹಲಧರ ತನ್ನ ಹೊಟ್ಟೆ ಕುಣಿಸುತ್ತ ಹೇಳಿದ್ದ. “ಅವನ ಹತ್ರ ಹುಟ್ಟು ಹಾಕಿದ ಕೂಲಿ ಮೊದಲೇ ಇಸ್ಕೋಳಪ್ಪ ಮೆಹೆರಾಲಿ” ಎಂದು ಇನ್ನೊಬ್ಬ. ಮಾರನೆಯ ದಿನ ಪೊಲೀಸರ ಜತೆ ಸಾಹೇಬ ಕಟ್ಟೆಗೆ ಬಂದ. ಇನ್ನೂ ಮೀಸೆ ಗಟ್ಟಿಯಾಗದ, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದ ಹುಡುಗ. ಯಾವ ದೋಣಿ ಎಷ್ಟು ಜನ ಹಿಡಿಯುತ್ತದೆ ಎಂದು ಹೇಳುವುದಕ್ಕೆ ವೈಕುಂಠನನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಸಾಲಾಗಿ ನೋಡುತ್ತ ಬಂದು ಸಾಹೇಬ ಮೆಹೆರಾಲಿಯ ದೋಣಿಯ ಮುಂದೆ ನಿಂತ, ಅದರ ಮೂತಿಯ ಮೇಲೆ ವೈಕುಂಠನೇ ಕೂರಿಸಿದ್ದ ಹಿತ್ತಾಳೆಯ ಕಣ್ಣಿನ ಮೇಲೆ ಬೂಟಿನ ತುದಿ ಇಟ್ಟ, ಏನೋ ಹೇಳಿ ನಕ್ಕ. ತಾರಿಣಿ ಬಾಬುವೂ ನಕ್ಕ, “ಇದೂ ಒಂದು ದೋಣಿಯಾ, ಬಟ್ಟೆ ಒಗೆಯೋ ಬಾನಿ ಥರ ಕಾಣುತ್ತೆ ಅಂತಾರೆ ಸಾಹೇಬ್ರು. ಐದು ಜನ ಕೂತ್ರೆ ಮುಳುಗುತ್ತೆ, ಬಿಟ್ಟುಬಿಡಿ ಅಂತಾರೆ” ಎಂದ.

ಬಿಟ್ಟುಬಿಡಿ ಎಂದಿದ್ದ. ಈ ಮಾತನ್ನು ವೈಕುಂಠ ಆಮೇಲೆ ಎಷ್ಟು ಸಲ ಕೇಳಿಸಿಕೊಂಡನೋ. ಆ ಗಳಿಗೆಯಲ್ಲಿ ಮಾತ್ರ ಅವನಿಗೆ ಕೇಳಿಸಿದ್ದು ಬಾನಿ ಎಂಬುದೊಂದೇ. ಎಂಟು ತಿಂಗಳು ಬಾಗಿ ಬಾಗಿ ಒಂದೊಂದು ಹಲಗೆಯನ್ನು ಬೆಂಕಿಯ ಮೇಲೆ ಬಳುಕಿಸಿ ಕೂಡಿಸಿದ್ದು, ಸುಂದರಿ ಮರದ ಘಾಟು ಉಗುರಲ್ಲಿ ಇಳಿದು ಅನ್ನಕ್ಕೂ ಬಂದದ್ದು, ನೀರಿಗಿಳಿಸುವ ದಿನ ಸೊನಾಭಾನ್ ಹೊಸ ಗಮಛಾ ಬಟ್ಟೆಯನ್ನು ಅವನ ಹೆಗಲಿಗೆ ಹೊದಿಸಿ ಮಗಳನ್ನು ಗಂಡನ ಮನೆಗೆ ಕಳಿಸುವವಳಂತೆ ಅತ್ತದ್ದು, ಎಲ್ಲವೂ ಆ ಬೂಟಿನ ಕೆಳಗೆ. ಬಾಯಿ ತಾನಾಗಿ ತೆರೆದುಕೊಂಡಿತ್ತು. “ಬಾನಿಯಲ್ಲ ಸಾಹೇಬ್ರೆ. ಹದಿನಾಲ್ಕು ಆಳು. ತುಂಬಿದ ಹೊಳೆಯಲ್ಲಿ ಹದಿನಾಲ್ಕು ಆಳು!” ಅಷ್ಟು ಜನರ ಎದುರು, ಎದೆ ಸೆಟೆಸಿಕೊಂಡು. ಆ ಸುಖ, ಅಯ್ಯೋ, ಎಷ್ಟು ಹೊತ್ತು ಇತ್ತು ಅದು? ತಾರಿಣಿ ಬಾಬುವಿನ ಪೆನ್ಸಿಲು ಕಾಗದಕ್ಕೆ ಮುಟ್ಟುವ ತನಕ. ಪಕ್ಕದಲ್ಲೇ ನಿಂತಿದ್ದ ಮೆಹೆರಾಲಿ ಒಮ್ಮೆ ಅವನ ಮುಖ ನೋಡಿದ, ಆಮೇಲೆ ದೋಣಿಯ ಹಗ್ಗ ಬಿಚ್ಚತೊಡಗಿದ. ವಾಪಸು ಇದೇ ಏರಿಯ ಮೇಲೆ ಇಬ್ಬರೂ ನಡೆದೇ ಬಂದರು. ಅಂಬಿಗನಿಗೆ ನಡಿಗೆ ಗೊತ್ತಿಲ್ಲ, ಬಾತುಕೋಳಿಯಂತೆ ಕಾಲು ಅಗಲಿಸಿ ನಡೆಯುತ್ತಿದ್ದ. ಊರು ಕಾಣುವಾಗ, “ನೀವು ಸುಳ್ಳೇನೂ ಹೇಳಿಲ್ಲ ಕಾಕಾ. ಹದಿನಾಲ್ಕೇ ಹಿಡೀತಿತ್ತು” ಎಂದ. ಬೈದಿದ್ದರೆ ಆಗುತ್ತಿತ್ತು. ಅವನು ಬೈಯಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಆ ಮಾತನ್ನು ತನ್ನ ಜತೆಗೇ ತೆಪ್ಪದ ಮೇಲೆ ಇಟ್ಟುಕೊಂಡು ಹೋದ.

ಕಟ್ಟೆ ಬಂತು. ಒಂದು ಕಡೆ ಸರ್ಕಾರದ ತಗಡಿನ ಮನೆ, ಅದರ ಪಕ್ಕ ಮಾರವಾಡಿಗಳು ನಡೆಸುವ ಗಂಜಿಮನೆ, ಅಲ್ಲಿ ಮಣ್ಣಿನ ಪಾತ್ರೆ ಹಿಡಿದು ಕೂತ ಜನರ ಸಾಲು. ಇನ್ನೊಂದು ಕಡೆ ಕಾಲುವೆಯ ಉದ್ದಕ್ಕೂ ದೋಣಿಗಳು. ನೂರೋ ನೂರಿಪ್ಪತ್ತೋ. ಮುಕ್ಕಾಲುಪಾಲು ಮುಳುಗಿ ಮೂತಿ ಮಾತ್ರ ಮೇಲೆತ್ತಿಕೊಂಡಿದ್ದವು, ದಡದ ಮೇಲಿದ್ದವುಗಳ ಹಲಗೆ ಬಿಸಿಲಿಗೆ ಬಾಯಿ ಬಿಟ್ಟಿದ್ದವು. ಹಿತ್ತಾಳೆಯ ಕಣ್ಣುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ವೈಕುಂಠ ಅವುಗಳ ನಡುವೆ ನಡೆಯುತ್ತ ಒಂದೊಂದನ್ನೂ ಗುರುತಿಸಿದ: ಇದು ಅಪ್ಪ ಕಟ್ಟಿದ್ದು, ಇದು ತಾನು ಮದುವೆಯಾದ ವರ್ಷ ಕಟ್ಟಿದ್ದು. ಜಪಾನಿನವನು ಬಂದಿರಲಿಲ್ಲ. ಅವನು ಬಂದಿದ್ದರೂ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದ? ಈ ಯೋಚನೆ ಬಂದದ್ದೇ ಅವನಿಗೆ ಮೈ ಬಿಸಿಯಾಯಿತು. ಜರ್ಮನಿಯವನಿಗೂ ಇಂಗ್ಲೆಂಡಿನವನಿಗೂ ಜಗಳ, ಅದು ಎಲ್ಲೋ. ಗುಂಡು ಹಾರಿದ್ದು ಎಲ್ಲೋ. ಇಲ್ಲಿ ಸಾಯುವವರು ಒಂದು ಗುಂಡಿನ ಸದ್ದನ್ನೂ ಕೇಳದೆ ಸಾಯುತ್ತಿದ್ದಾರೆ. ಸಾಲಿನ ಕೊನೆಯಲ್ಲಿ, ನೀರಿನ ಮೇಲೆ ಹಗುರಾಗಿ ತೇಲುತ್ತ, ಮೆಹೆರಾಲಿಯ ದೋಣಿ ಇತ್ತು. ಒಂದು ವರ್ಷ ಯಾರೂ ನೀರು ಸೋರದಂತೆ ಗಾಬ್ ಕಾಯಿಯ ರಸ ಬಳಿದಿಲ್ಲ, ಯಾರೂ ನೀರೆತ್ತಿಲ್ಲ. ತಳದಲ್ಲಿ ನಿಂತದ್ದು ಅಂಗೈಯಷ್ಟು ಮಳೆನೀರು ಮಾತ್ರ.

“ಬಾಪ್ಪ ಮಿಸ್ತ್ರಿ, ಇದರಿಂದಲೇ ಶುರು ಮಾಡು” ಎಂದ ತಾರಿಣಿ ಬಾಬು, ಪಾನಿನ ರಸವನ್ನು ಕೆನ್ನೆಗೆ ಸರಿಸಿಕೊಂಡು. “ವಿಮಾನ ಇಳಿಯೋ ಬಯಲಿಗೆ ಇಟ್ಟಿಗೆ ಬೇಕಂತೆ. ಗೂಡಿಗೆ ಸೌದೆ ಇಲ್ಲ. ಒಣಗಿದ ಮರ, ಚೆನ್ನಾಗಿ ಉರಿಯುತ್ತೆ.”

ವೈಕುಂಠ ಬಾಚಿಯನ್ನು ನೆಲಕ್ಕಿಟ್ಟ, ಕೈ ಜೋಡಿಸಿದ. “ಬಾಬು, ಒಂದು ತಪ್ಪಾಗಿದೆ. ಈ ದೋಣಿ ಒಂಬತ್ತೇ ಆಳು ಹಿಡಿಯೋದು.”

ಹೇಳಿಯಾಯಿತು. ಏನೂ ಆಗಲಿಲ್ಲ. ಕೊಕ್ಕರೆಯೊಂದು ಮಾತ್ರ ಹಾರಿಹೋಯಿತು.

“ಏನಂದೆ?”

“ಒಂಬತ್ತು. ಹತ್ತಕ್ಕಿಂತ ಕಮ್ಮಿ ಇದ್ರೆ ಬಿಡಬೇಕು ಅಂತ ನಿಮ್ಮ ಹುಕುಮ್ಮೇ ಇದೆಯಲ್ಲ. ಬಿಟ್ಟುಬಿಡಿ ಬಾಬು. ಆಚೆ ಪೈರು ನಿಂತಿದೆ, ನೋಡಿ, ಇಲ್ಲಿಂದಾನೂ ಕಾಣುತ್ತೆ. ಹದಿನೈದು ದಿನ ಕೊಡಿ. ಕೊಯ್ದು ತಂದು ಆಮೇಲೆ ನಾನೇ ಒಡೆದು ಕೊಡ್ತೀನಿ.”

ತಾರಿಣಿ ಬಾಬು ಒಳಗೆ ಹೋಗಿ ಪುಸ್ತಕ ತಂದ. ಎಂಜಲು ಹಚ್ಚಿ ಹಾಳೆ ತಿರುವಿದ. ಅವನಿಗೆ ಕೋಪ ಬಂದಿರಲಿಲ್ಲ, ಬೇಸರದ ದಿನದಲ್ಲಿ ಒಂದು ಆಟ ಸಿಕ್ಕಿತ್ತು. “ಮೆಹೆರಾಲಿ ದೋಣಿ. ಹದಿನಾಲ್ಕು. ಹೇಳಿದವನು ವೈಕುಂಠ ಮಿಸ್ತ್ರಿ. ನೀನೇ ಅಲ್ವೇನಯ್ಯ? ಸಾಹೇಬ್ರು ಬಿಟ್ಟುಬಿಡಿ ಅಂದ್ರೂ ಕೇಳಲಿಲ್ಲ ನೀನು, ಎದೆ ತಟ್ಕೊಂಡು ಹದಿನಾಲ್ಕು ಹದಿನಾಲ್ಕು ಅಂತ ಕೂಗಿದೆ. ಕಟ್ಟೆಗೆಲ್ಲ ಕೇಳಿಸಿತ್ತು.” ಈಗಲೂ ಕಟ್ಟೆಗೆಲ್ಲ ಕೇಳಿಸುವಂತೆಯೇ ಹೇಳಿದ. ಗಂಜಿಯ ಸಾಲಿನಲ್ಲಿ ಒಂದು ಮುಖ ತಿರುಗಿತು. ಸೊನಾಭಾನ್. ಅವಳು ಅಲ್ಲಿರುತ್ತಾಳೆಂದು ವೈಕುಂಠ ಎಣಿಸಿರಲಿಲ್ಲ. ನಿನ್ನೆಯ ತನಕ ಅವಳು ಗಂಜಿಯ ಸಾಲಿಗೆ ಕೂತವಳಲ್ಲ. ಅವಳು ಎದ್ದು ನಿಂತಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಪಾತ್ರೆಯನ್ನು ಮಗಳ ಕೈಗೆ ಕೊಟ್ಟು ನಿಧಾನವಾಗಿ ಬಂದಳು. ಕಣ್ಣು ಮಾತ್ರ ಅವನ ಮೇಲಿಂದ ತೆಗೆಯಲಿಲ್ಲ. “ಬಿಟ್ಟುಬಿಡಿ ಅಂದಿದ್ರಾ?” ಎಂದಳು. ಅವನು ತಲೆ ತಗ್ಗಿಸಿದ. “ನನ್ನ ಮಗಳ ಅಪ್ಪನಿಗೆ ಗೊತ್ತಿತ್ತಾ?” ಅದಕ್ಕೂ ಅವನು ತಲೆ ತಗ್ಗಿಸಿಯೇ ಇದ್ದ. ನೆಲ ಬಾಯಿ ತೆರೆದು ಒಳಗೆ ಎಳೆದುಕೊಳ್ಳಲಿ ಎಂದು ಅವನು ಬೇಡಿಕೊಂಡ. ಕಾಲುವೆಯ ಕೆಸರು ಅವನ ಪಾದವನ್ನು ಅರ್ಧ ಇಂಚು ಎಳೆದುಕೊಂಡು ಸುಮ್ಮನಾಯಿತು.

“ಸರಿ, ನ್ಯಾಯವಾಗೇ ನೋಡೋಣ” ಎಂದ ತಾರಿಣಿ ಬಾಬು. “ಜನಕ್ಕೇನು ಬರ ಇಲ್ಲಿ? ಹತ್ತಿಸು. ಹತ್ತಾಳಿಗೆ ನೀರು ಅಂಚಿಗೆ ಬಂದ್ರೆ ದೋಣಿ ನಿಂದು, ಎಳ್ಕೊಂಡು ಹೋಗು. ಬರಲಿಲ್ಲ ಅಂದ್ರೆ ಒಡಿ.”

ಗಂಜಿ ಬೇಯುವುದಕ್ಕೆ ಇನ್ನೂ ಹೊತ್ತಿತ್ತು. ಕರೆದರೆ ಜನ ಬಂದರು. ಯಾಕೆ ಎಂದು ಕೇಳುವ ತ್ರಾಣ ಯಾರಲ್ಲೂ ಇರಲಿಲ್ಲ. ಮೊದಲು ಸೊನಾಭಾನ್ ಹತ್ತಿ ಚುಕ್ಕಾಣಿಯ ಹತ್ತಿರ, ಗಂಡ ಕೂರುತ್ತಿದ್ದ ಜಾಗದಲ್ಲಿ ಕೂತಳು. ವೈಕುಂಠ ಮೊಣಕಾಲಿನ ತನಕ ನೀರಿಗಿಳಿದು ದೋಣಿಯ ಪಕ್ಕೆ ಹಿಡಿದುಕೊಂಡ. ನೀರಿಗಿಳಿಸಿದ ದಿನವೂ ಅವನು ಹೀಗೇ ನಿಂತಿದ್ದ. ಹೊಸ ದೋಣಿಗೆ ಅದು ಹಿಡಿಯುವಷ್ಟು ಆಳು ಹತ್ತಿಸಿ, ನೀರು ಎಲ್ಲಿಗೆ ಬಂತೋ ಅಲ್ಲಿ ಉಳಿಯಿಂದ ಒಂದು ಗೆರೆ ಕೆತ್ತುವುದು ಅವರ ಮನೆತನದ ಪದ್ಧತಿ. ಇದಕ್ಕಿಂತ ಮೇಲೆ ನೀರು ಬಂದರೆ ಒಬ್ಬನನ್ನು ಇಳಿಸು ಎಂದು ಅಂಬಿಗನಿಗೆ ಹೇಳಿ ಹಗ್ಗ ಕೈಗೆ ಕೊಡುವುದು. ಅವತ್ತು ಹತ್ತಿದವರು ಕೊಯ್ಲಿನ ಆಳುಗಳು, ಬೆಳಗ್ಗೆ ನೀರಲ್ಲಿ ನೆನೆದ ತಂಗಳನ್ನಕ್ಕೆ ಹಸಿಮೆಣಸು ಕಚ್ಚಿ ತಟ್ಟೆ ತುಂಬ ಉಂಡು ಬಂದವರು. ಕೊನೆಗೆ ಹಲಧರ ಕಾಲಿಟ್ಟಾಗ ದೋಣಿ ಅಷ್ಟೂ ವಾಲಿ, “ಇವನನ್ನ ಇಬ್ಬರು ಅಂತ ಬರ್ಕೊಳ್ಳಿ ಕಾಕಾ!” ಎಂದು ಮೆಹೆರಾಲಿ ಕೂಗಿದ್ದ. ಈಗ ಏಳು ಜನ ಹತ್ತಿದ್ದರು. ಎಂಟು. ವೈಕುಂಠ ಕಣ್ಣು ಮುಚ್ಚಿಕೊಂಡ. ಸ್ವಾಮೀ ವಿಶ್ವಕರ್ಮ, ಹುಟ್ಟಿದಾಗಿನಿಂದ ನಿನ್ನ ಹತ್ತಿರ ತೇಲಿಸು ಎಂದು ಬೇಡಿದವನು ನಾನು. ಇದೊಂದನ್ನು ಮುಳುಗಿಸು. ನನ್ನ ಕೈ ಕೆಟ್ಟದ್ದು ಎಂದು ಮಾಡು. ಒಂದು ಸಂದು ಬಿಡಲಿ, ಒಂದು ಕೊಂಡಿ ಸಡಿಲಲಿ. ಒಂಬತ್ತು. ಹತ್ತು. ಕಣ್ಣು ತೆರೆದ. ಎಲ್ಲೂ ಒಂದು ತೊಟ್ಟು ಸೋರಿರಲಿಲ್ಲ.

“ಹತ್ತಾಯ್ತಲ್ಲಪ್ಪ ಮಿಸ್ತ್ರಿ, ಎಲ್ಲಿ ನೀರು?” ದಡದಲ್ಲಿ ಪೆನ್ಸಿಲು ಕುಣಿಯುತ್ತಿತ್ತು. “ಹತ್ತಿಸು ಹತ್ತಿಸು, ಹದಿನಾಲ್ಕೂ ಆಗಲಿ.”

ಹನ್ನೊಂದು. ಹನ್ನೆರಡು. ಹದಿಮೂರು. ಹದಿನಾಲ್ಕನೆಯವನು ದೋಣಿಯ ಅಂಚು ಹಿಡಿದು ಸುಧಾರಿಸಿಕೊಂಡ, ವೈಕುಂಠನ ಮುಖ ನೋಡಿ ನಕ್ಕ. ಆ ನಗೆಯಿಂದಲೇ ಗುರುತು ಸಿಕ್ಕಿದ್ದು. ಹಲಧರ. ಹೊಟ್ಟೆ ಇದ್ದ ಜಾಗದಲ್ಲಿ ಚರ್ಮ ಖಾಲಿ ಚೀಲದಂತೆ ಮಡಿಸಿಕೊಂಡಿತ್ತು. “ದಾದಾ, ಅವತ್ತು ಇಬ್ಬರು ಅಂತ ಬರೆಸಿದ್ರಲ್ಲ” ಎಂದ, “ಇವತ್ತು ಅರ್ಧ ಅಂತ ಬರ್ಕೊಳ್ಳಿ.” ಅವನು ಕಾಲಿಟ್ಟ. ದೋಣಿ ತಲೆಯನ್ನೂ ಅಲ್ಲಾಡಿಸಲಿಲ್ಲ. ಕಾಗೆ ಬಂದು ಕೂತಿದ್ದರೆ ಅಷ್ಟಾದರೂ ಅಲುಗುತ್ತಿತ್ತೇನೋ.

ವೈಕುಂಠ ಬಗ್ಗಿ ನೋಡಿದ. ಪಾಚಿಯನ್ನು ಹೆಬ್ಬೆರಳಿಂದ ಒರೆಸಿದ. ಅವನ ಗೆರೆ ಅಲ್ಲೇ ಇತ್ತು, ಕೆತ್ತಿದ ದಿನದಷ್ಟೇ ನೆಟ್ಟಗೆ. ನೀರು ಅದನ್ನು ಮುಟ್ಟಿರಲಿಲ್ಲ. ಕೆಳಗೆ, ಬಹಳ ಕೆಳಗೆ ಇತ್ತು. ಬೆರಳಿಟ್ಟು ನೋಡಿದ: ಒಂದು, ಎರಡು, ಮೂರು, ನಾಲ್ಕು. ನಾಲ್ಕು ಬೆರಳು. ಮತ್ತೊಮ್ಮೆ ಇಟ್ಟು ನೋಡಿದ. ಅಳತೆ ಬದಲಾಗಲಿಲ್ಲ. ಅದೇ ದೋಣಿ, ಅದೇ ಹದಿನಾಲ್ಕು. ಅಷ್ಟು ಹೊತ್ತು ತನ್ನ ಒಂದು ಮಾತಿನ ಸುತ್ತಲೇ ಗಾಣದ ಎತ್ತಿನಂತೆ ಸುತ್ತುತ್ತಿದ್ದ ಅವನ ಮನಸ್ಸು ಅಲ್ಲಿ ನಿಂತುಬಿಟ್ಟಿತು. ತಾನು ಹೇಳಿದ್ದು ಹದಿನಾಲ್ಕು, ಅದು ತನ್ನ ಪಾಪ, ಅದನ್ನು ತಾನು ಹೊರುತ್ತೇನೆ, ದೇವರ ಮುಂದೆಯೂ ಹೊರುತ್ತೇನೆ. ಆದರೆ ಈ ನಾಲ್ಕು ಬೆರಳು ಯಾರದು? ಇದನ್ನು ಯಾರು ಹೊರುತ್ತಾರೆ?

“ಸುಳ್ಳುಗಾರ!” ತಾರಿಣಿ ಬಾಬು ನಗುತ್ತಿದ್ದ. “ಹದಿನಾಲ್ಕಲ್ಲ, ಇಪ್ಪತ್ತು ಹಿಡಿಯುತ್ತಲ್ಲೋ ಇದು! ಭೇಷ್, ಒಳ್ಳೆ ಕೆಲಸಗಾರ ನೀನು. ಇಳಿಸು ಇಳಿಸು, ಒಡಿ.”

ವೈಕುಂಠ ನೆಟ್ಟಗೆ ನಿಂತ. ಬೆನ್ನು ಅಷ್ಟು ನೆಟ್ಟಗಾಗಿ ವರ್ಷವಾಗಿತ್ತು. “ಸುಳ್ಳು ನಾನು ಹೇಳಿದೆ ಬಾಬು. ಒಂಬತ್ತು ಅಂದದ್ದು ಸುಳ್ಳು. ದೋಣಿ ಸುಳ್ಳು ಹೇಳಲ್ಲ. ಇಲ್ಲಿ ಬನ್ನಿ, ಇಳಿದು ಬನ್ನಿ ಕೆಸರಿಗೆ, ಚಪ್ಪಲಿ ಹೋದ್ರೆ ಹೋಗಲಿ. ಈ ಗೆರೆ ನೋಡಿ. ಹದಿನಾಲ್ಕು ಜನ ಕೂತಾಗ ನೀರು ಇಲ್ಲಿತ್ತು. ಈಗಲೂ ಹದಿನಾಲ್ಕೇ ಜನ. ನೀರು ಎಲ್ಲಿದೆ? ಈ ನಾಲ್ಕು ಬೆರಳಿನಷ್ಟು ಮಾಂಸ ಎಲ್ಲಿಗೆ ಹೋಯ್ತು? ಯಾರು ತಿಂದ್ರು? ಜಪಾನಿನವನು ಬಂದು ತಿಂದನಾ? ಬರ್ಕೊಳ್ಳಿ ನಿಮ್ಮ ಪುಸ್ತಕದಲ್ಲಿ. ನಾನು ಹೇಳಿದ ಹದಿನಾಲ್ಕು ಬರ್ಕೊಂಡ್ರಲ್ಲ, ಇದನ್ನೂ ಬರ್ಕೊಳ್ಳಿ. ಹೇಳಿದವನು ವೈಕುಂಠ ಮಿಸ್ತ್ರಿ ಅಂತಾನೇ ಬರ್ಕೊಳ್ಳಿ.”

ಪೆನ್ಸಿಲು ನಿಂತಿತು. ತಾರಿಣಿ ಬಾಬು ಒಮ್ಮೆ ನೀರಿನ ಕಡೆ ನೋಡಿದ, ಒಮ್ಮೆ ತಗಡಿನ ಮನೆಯ ಕಡೆ. “ಅದಕ್ಕೆಲ್ಲ ಕಾಲಮ್ಮು ಇಲ್ಲ ಇದರಲ್ಲಿ” ಎಂದ. ದನಿ ಸಣ್ಣದಾಗಿತ್ತು. “ಇವತ್ತಿನ ಅಕ್ಕಿ ಬೇಡ್ವಾ ನಿಂಗೆ?”

ಕ್ಷೀರೋದಾಳ ಗಂಟಲು ಏರಿ ಇಳಿಯಿತು, ಅವನ ಕಣ್ಣೆದುರಿಗೆ, ಸ್ಪಷ್ಟವಾಗಿ. ವೈಕುಂಠ ಸೊಂಟದ ಉಳಿಯನ್ನು ತೆಗೆದ. ಬಾಚಿಗೆ ಕೈ ಹಾಕಲಿಲ್ಲ. ನೀರು ಮುಟ್ಟಿದ ಕಡೆ ಉಗುರಿಂದ ಗುರುತು ಮಾಡಿಕೊಂಡು, ಹಳೆಯ ಗೆರೆಯ ಕೆಳಗೆ, ನಾಲ್ಕು ಬೆರಳು ಕೆಳಗೆ, ಉಳಿಯ ತುದಿ ಇಟ್ಟ.

“ಒಲೆಗೆ ಹೋಗೋ ಹಲಗೆಗೆ ಗೆರೆ ಯಾಕಯ್ಯ, ಹುಚ್ಚು ಹಿಡಿದಿದೆಯಾ?” ಎಂದು ದಡದಿಂದ ಕೂಗು ಬಂತು. “ಇಳೀರಿ ಎಲ್ಲರೂ! ಗಂಜಿ ಆಯ್ತು, ಇಳೀರಿ!”

ಗಂಜಿಯ ವಾಸನೆ ನಿಜವಾಗಿಯೂ ಬರುತ್ತಿತ್ತು. ದೋಣಿಯಲ್ಲಿ ಕೂತವರ ಮೂಗು ಆ ಕಡೆ ತಿರುಗಿತು, ಒಬ್ಬಿಬ್ಬರು ಏಳಲು ಅಂಚು ಹಿಡಿದರು, ದೋಣಿ ಓಲಾಡಿ ಉಳಿ ಜಾರಿತು. ಚುಕ್ಕಾಣಿಯ ಹತ್ತಿರದಿಂದ ಸೊನಾಭಾನಳ ದನಿ ಬಂತು. ಅದರಲ್ಲಿ ಕ್ಷಮೆ ಇರಲಿಲ್ಲ. ಇದೆ ಎಂದು ಅಂದುಕೊಳ್ಳುವ ಧೈರ್ಯವೂ ವೈಕುಂಠನಿಗಾಗಲಿಲ್ಲ. ಹೊಳೆಯ ನಡುವೆ ಸೆಳವಿನಲ್ಲಿ ಅವಳ ಗಂಡ ಪ್ರಯಾಣಿಕರಿಗೆ ಹೇಳುತ್ತಿದ್ದ ಅದೇ ಗಡುಸು ಅದರಲ್ಲಿತ್ತು.

“ಯಾರೂ ಅಲುಗಬೇಡಿ. ಅವರು ಕೆತ್ತೋ ತನಕ ಕೂತ್ಕೊಳ್ಳಿ.”

ಹದಿನಾಲ್ಕು ಜನ ಕೂತರು. ವೈಕುಂಠ ಸುತ್ತಿಗೆ ಎತ್ತಿದ.